ಅಪ್‌ಡೇಟ್: ಕೆರೆ ಏರಿ ಪಕ್ಕದ ವೀರಗಲ್ಲಲ್ಲಿ ಅಕ್ಷರ ಕಾಣಿಸ್ತು!

ದೇವನಹಳ್ಳಿ ಕಡೆ ಕೆರೆ ಏರಿ ಪಕ್ಕ ಸುಣ್ಣ ಬಳಿದಿರೋ ವೀರಗಲ್ಲು ಇದೆ, ಅಕ್ಷರ ಇರೋ ಹಾಗಿದೆ ಆದ್ರೆ ಓದಕ್ಕಾಗ್ತಿಲ್ಲ, ನಮ್ಮ ಹವ್ಯಾಸಿ ತಂಡ ಏನ್ ಮಾಡ್ಬೇಕು ಅಂತ ಕೇಳಿದ್ನಲ್ಲ, ಅದರ ಅಪ್‌ಡೇಟ್ ಇದು. ವೈರ್ ಬ್ರಷ್, ಆಸಿಡ್ ಹತ್ರಕ್ಕೂ ತರ್ಬೇಡಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಊರವರು ಪೂಜೆ ಮಾಡೋ ಕಲ್ಲು, ಅದಕ್ಕೆ ಮೊದಲು ಹಿರಿಯರನ್ನ ಕೇಳಿ, ಬರೀ ನೀರು ಮತ್ತೆ ಮೆತ್ತನೆ ಬ್ರಷ್ಷಲ್ಲಿ ನಿಧಾನಕ್ಕೆ ತೊಳೆದ್ವಿ, ಕತ್ತಲಾದ್ಮೇಲೆ ಟಾರ್ಚನ್ನ ಕಲ್ಲಿನ ಪಕ್ಕದಿಂದ ಅಡ್ಡ ಹಿಡಿದ್ರೆ ಹಗಲಲ್ಲಿ ಸಪಾಟಾಗಿದ್ದ ಜಾಗದಲ್ಲಿ ನೆರಳು ಕೂತು ಎರಡು ಸಾಲು ಹಳಗನ್ನಡ ಎದ್ದು ಬಂತು! ಕೆಳಗಡೆ ಕತ್ತಿ ಹಿಡಿದ ವೀರ, ಹಿಂದೆ ಹಸುಗಳು, ಅಂದ್ರೆ ತುರುಗೋಳಲ್ಲಿ (ದನ ಹೊಡ್ಕೊಂಡು ಹೋಗೋ ಕಾಳಗದಲ್ಲಿ) ಸತ್ತವನು. ನಡುವೆ ಅಪ್ಸರೆಯರು, ಮೇಲೆ ಲಿಂಗ. ಬೆಂಗಳೂರು ಜಿಲ್ಲೆ ಶಾಸನಗಳಿರೋ ಎಪಿಗ್ರಾಫಿಯಾ ಕರ್ನಾಟಿಕಾ 9ನೇ ಸಂಪುಟ (ರೈಸ್ ಅವರದ್ದು, 1905) ತಿರುವಿ ಹಾಕಿದ್ವಿ, ಅದರಲ್ಲಿ ಇದು ಸಿಗಲಿಲ್ಲ. ಬುಡ ಮಣ್ಣಲ್ಲಿ ಹೂತಿದೆ, ಅದನ್ನ ಅಗೆದಿಲ್ಲ, ಅಗೆಯೋದು ನಮ್ಮ ಕೆಲಸನೂ ಅಲ್ಲ. ಫೋಟೋ, ಅಳತೆ, ಜಿಪಿಎಸ್ ಎಲ್ಲ ಸೇರಿಸಿ ಪುರಾತತ್ವ ಇಲಾಖೆಗೆ ಅರ್ಜಿ ಕೊಟ್ಟಿದೀವಿ. ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ಕಲ್ಲು (ಅದೂ ಶಾಸನ ಇರೋ ಹಳೇ ವೀರಗಲ್ಲೇ) 2018ರಲ್ಲಿ ಸಿಕ್ಕಿದ್ದು ಚರಂಡಿ ಅಗೆತದಲ್ಲಿ, ಇಲ್ಲೂ ರಸ್ತೆ ಅಗಲ ಮಾಡೋ ಮಾತು ನಡೀತಿದೆ, ಅಗೆತದಲ್ಲಿ ಕಲ್ಲಿಗೆ ಏಟು ಬೀಳಬಹುದು ಅನ್ನೋ ಭಯ, ಹಾಗಾಗಿ ಶಾಸನ ಓದೋರು ಯಾರಾದ್ರೂ ಇದ್ರೆ ದಯವಿಟ್ಟು ಬೇಗ ಹೇಳಿ, ಫೋಟೋ ಕಳಿಸ್ತೀನಿ.