ಆರೈಕೆ ಕೇಂದ್ರದಲ್ಲಿ ನಡೆಯುತ್ತಿದ್ದ ಅವ್ವ ಮನೆಗೆ ಬಂದ ಮೇಲೆ ಏಳುತ್ತಿಲ್ಲ

(ಉತ್ತರಿಸುವವರು: ಮನೆಗಳಿಗೆ ಹೋಗಿ ಹಿರಿಯರಿಗೆ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್, ಧಾರವಾಡ)

ಪ್ರಶ್ನೆ, ಧಾರವಾಡದ ಸದಸ್ಯೆ:
ನಮ್ಮ ಅವ್ವನಿಗೆ 76 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಚಪ್ಪೆಯ ಹತ್ತಿರ ತೊಡೆಯ ಮೂಳೆ ಮುರಿಯಿತು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಒಂದು ಖಾಸಗಿ ಆರೈಕೆ ಕೇಂದ್ರದಲ್ಲಿ ಮೂರು ವಾರ ಇದ್ದರು. ಅಲ್ಲಿ ವಾಕರ್ ಹಿಡಿದು ನಡೆಯುತ್ತಿದ್ದವರು, ಮನೆಗೆ ಬಂದು ಹದಿನೈದು ದಿನವಾದರೂ ಮಂಚ ಬಿಡುತ್ತಿಲ್ಲ. ಎರಡು ತುತ್ತು ತಿಂದು ಸಾಕೆನ್ನುತ್ತಾರೆ. ಬಂದವರೆಲ್ಲ "ವಯಸ್ಸಾಯಿತು, ಆರಾಮಾಗಿ ಮಲಗಲಿ ಬಿಡಿ" ಎನ್ನುತ್ತಾರೆ. ಮಲಗಿಸುವುದೇ ಸರಿಯೇ?

ಉತ್ತರ:
ಸರಿಯಲ್ಲ. ಹದಿನೈದು ದಿನಗಳ ಹಿಂದೆ ನಡೆಯುತ್ತಿದ್ದವರು ಇಂದು ಏಳುವುದಿಲ್ಲವೆಂದರೆ ಅದು ವಯಸ್ಸಲ್ಲ. ವಯಸ್ಸು ಎರಡು ವಾರದಲ್ಲಿ ಹೀಗೆ ಮೇಲೆ ಬೀಳುವುದಿಲ್ಲ. ಮೊದಲು ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ರಕ್ತಹೀನತೆ, ಸೋಡಿಯಂ ಕಡಿಮೆಯಾಗಿರುವುದು, ಮಲಬದ್ಧತೆ, ನಿದ್ರೆ ಮಾತ್ರೆಯ ಮಂಪರು, ಹೇಳಿಕೊಳ್ಳದೆ ನುಂಗಿಕೊಂಡಿರುವ ನೋವು, ಖಿನ್ನತೆ ಇವುಗಳಲ್ಲಿ ಯಾವುದಿದ್ದರೂ ಹಿರಿಯರು "ಸುಸ್ತು" ಎಂಬ ಒಂದೇ ಮಾತು ಹೇಳುತ್ತಾರೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೂ ಎರಡು ವಿಷಯ ಕೇಳಿ: ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಯಾವ ಭಂಗಿಯಲ್ಲಿ ಕೂರಬಾರದು?

ಇವೆಲ್ಲ ಇಲ್ಲವೆಂದಾದರೆ ಉಳಿಯುವುದು ಸ್ನಾಯು ಕರಗಿದ ದೌರ್ಬಲ್ಯ. ವೈದ್ಯರು ಇದನ್ನು ಸಾರ್ಕೊಪೀನಿಯಾ ಎನ್ನುತ್ತಾರೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿ ಇರಿಸಿದಾಗ, ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು. ಅವರಿಗೆ ಕಾಯಿಲೆಯೂ ಇರಲಿಲ್ಲ, ಗಾಯವೂ ಇರಲಿಲ್ಲ. ನಿಮ್ಮ ಅವ್ವ ಮುರಿದ ಮೂಳೆ, ಶಸ್ತ್ರಚಿಕಿತ್ಸೆ, ಆಸ್ಪತ್ರೆಯ ನಿದ್ರೆಗೇಡು, ಅರೆಹೊಟ್ಟೆ ಎಲ್ಲವನ್ನೂ ದಾಟಿ ಬಂದಿದ್ದಾರೆ. ಹೋದ ಸ್ನಾಯು ವಿಶ್ರಾಂತಿಯಿಂದ ಮರಳಿ ಬರುವುದಿಲ್ಲ.

ಇನ್ನೊಂದು ಕಾರಣವನ್ನು ನಾನು ಮನೆಮನೆಯಲ್ಲೂ ನೋಡುತ್ತೇನೆ. ಕೇಂದ್ರದಲ್ಲಿ ಹೊತ್ತಿಗೆ ಸರಿಯಾಗಿ ಯಾರೋ ಬಂದು ಎಬ್ಬಿಸುತ್ತಿದ್ದರು. ಮನೆಯಲ್ಲಿ ಪ್ರೀತಿ ಹೆಚ್ಚು. ನೀರು ಕೈಗೆ, ತಟ್ಟೆ ಮಂಚಕ್ಕೆ, ಮುಖ ತೊಳೆಸುವುದೂ ಹಾಸಿಗೆಯಲ್ಲೇ. ಊರಿನಿಂದ ನೋಡಲು ಬಂದವರು ಮಂಚದ ಸುತ್ತ ಕೂರುತ್ತಾರೆ, ಅವರೊಂದಿಗೆ ಚಹಾ ಬಿಸ್ಕತ್ತು ಆಗುತ್ತದೆ, ಮಧ್ಯಾಹ್ನದ ಹಸಿವು ಅಲ್ಲಿಗೇ ಸಾಯುತ್ತದೆ. ಬಂದವರ ಜೊತೆ ಅವ್ವ ಕುರ್ಚಿಯಲ್ಲಿ ಕೂತು ಮಾತನಾಡಲಿ. ಊಟ ಕೂತೇ ಆಗಲಿ. ಬೆಳ್ಳುಳ್ಳಿ ಸುಲಿಯಲು, ಕಾಳು ಆರಿಸಲು ಕೊಡಿ. ಕೈಕೆಲಸವಿದ್ದರೆ ಎದ್ದು ಕೂರಲು ಕಾರಣವಿರುತ್ತದೆ.

ವ್ಯಾಯಾಮಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಕುರ್ಚಿಯಿಂದ ಎದ್ದು ನಿಲ್ಲುವುದನ್ನು ಆರಿಸುತ್ತೇನೆ. ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಮೊದಲು ಕೈ ಊರಿ, ಆಮೇಲೆ ಆದಷ್ಟು ಕೈಬಿಟ್ಟು ಏಳಬೇಕು. ನೀವು ಪಕ್ಕದಲ್ಲಿ ನಿಲ್ಲಿ, ಆದರೆ ರಟ್ಟೆ ಹಿಡಿದು ಎಳೆಯಬೇಡಿ. ಮೂರು ಸಲ ಸಾಧ್ಯವಾದರೆ ಮೂರೇ ಸಲ, ದಿನಕ್ಕೆ ಮೂರು ಹೊತ್ತು. ಸುಲಭವಾದಂತೆ ಹೆಚ್ಚಿಸಿ. ವಾಕರ್ ಹಿಡಿದು ಬಚ್ಚಲಿನವರೆಗೆ, ಪಡಸಾಲೆಯವರೆಗೆ ನಡೆಯುವುದೂ ದಿನಚರಿಯಲ್ಲೇ ಸೇರಲಿ. ಜಾರುವ ಚಾಪೆ ತೆಗೆಯಿರಿ, ಬಚ್ಚಲಿಗೆ ಹಿಡಿಕೆ ಹಾಕಿಸಿ, ರಾತ್ರಿ ದೀಪವಿರಲಿ. ಕುಕ್ಕರಗಾಲಿನ ಶೌಚಾಲಯವಿದ್ದರೆ ಕಮೋಡ್ ಕುರ್ಚಿ ತನ್ನಿ.

ಇನ್ನು ಊಟ. ಕಾಯಿಲೆಯಿಂದ ಚೇತರಿಸಿಕೊಳ್ಳುವ ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು. ಅವ್ವ 45 ಕಿಲೋ ಇದ್ದರೆ ಕನಿಷ್ಠ 54 ಗ್ರಾಂ. ಗಂಜಿ ಮತ್ತು ತಿಳಿಸಾರಿನಲ್ಲಿ ಇದು ಎಂದೂ ಸಿಗದು. ಅರ್ಧ ಲೀಟರ್ ಹಾಲು-ಮೊಸರಿನಿಂದ 16 ಗ್ರಾಂ, ಎರಡು ಬಟ್ಟಲು ಗಟ್ಟಿ ಬೇಳೆ ಅಥವಾ ಹೆಸರುಕಾಳಿನಿಂದ 14, ಎರಡು ಜೋಳದ ರೊಟ್ಟಿಯಿಂದ ಸುಮಾರು 10, ಒಂದು ಹಿಡಿ ಶೇಂಗಾ ಪುಡಿಯಿಂದ 7 ಗ್ರಾಂ ಬರುತ್ತದೆ. ಮೊಟ್ಟೆ ತಿನ್ನುವ ಮನೆಯಾದರೆ ಒಂದಕ್ಕೆ 6. ಹಲ್ಲಿಲ್ಲದಿದ್ದರೆ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ಶೇಂಗಾ ಪುಡಿಯನ್ನು ಮೊಸರಿನಲ್ಲಿ ಕಲಸಿ ಕೊಡಿ. ಆಸ್ಪತ್ರೆಯ ಗಡಿಬಿಡಿಯಲ್ಲಿ ಹಲ್ಲಿನ ಸೆಟ್ಟು ಕಳೆದಿದೆಯೇ ಎಂದೂ ನೋಡಿ. ಮೂತ್ರಪಿಂಡದ ತೊಂದರೆಯಿದ್ದವರು ಪ್ರೊಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಅದೇ ಸದಸ್ಯೆ:
76ರಲ್ಲಿ ಸ್ನಾಯು ಮತ್ತೆ ಬೆಳೆಯುತ್ತದೆಯೇ? ಸುಮ್ಮನೆ ಪೀಡಿಸಿದಂತಾಗುವುದಿಲ್ಲವೇ?

ಉತ್ತರ:
ಬೆಳೆಯುತ್ತದೆ. 1990ರಲ್ಲಿ ಬಾಸ್ಟನ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ತೊಂಬತ್ತರ ಆಸುಪಾಸಿನ 10 ಮಂದಿಗೆ 8 ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಪೂರ್ಣಗೊಳಿಸಿದವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಅವ್ವನಿಗೆ ಇದು ಪೀಡನೆ ಎನಿಸದಿರಲು ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಂತೆ ವ್ಯಾಯಾಮಕ್ಕೆ ಮುಂಚಿತವಾಗಿ ಕೊಡಿ. "ಏಳು" ಎನ್ನುವ ಬದಲು "ತುಳಸಿಕಟ್ಟೆಯ ಹತ್ತಿರ ಹೋಗಿ ಬರೋಣ" ಎನ್ನಿ. ಹೀಗೆ ಚಪ್ಪೆಯ ಹತ್ತಿರ ಮೂಳೆ ಮುರಿದವರು ಸುಧಾರಿಸಲು ತಿಂಗಳುಗಳೇ ಬೇಕು. ಮೊದಲ ಆರು ತಿಂಗಳು ಬಹಳ ಮುಖ್ಯ.

ಗದಗದ ಸದಸ್ಯರು:
ನಮ್ಮ ತಂದೆಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಆಸ್ಪತ್ರೆಯಿಂದ ಬಂದ ಮೇಲೆ ಅರ್ಧ ಊಟ ಮಾತ್ರ. ಮಾತ್ರೆಗಳು ಮೊದಲಿನವೇ.

ಉತ್ತರ:
ಇಂದೇ ವೈದ್ಯರಿಗೆ ಕರೆ ಮಾಡಿ. ಊಟ ಅರ್ಧವಾಗಿ ಗ್ಲಿಮೆಪಿರೈಡ್‌ನಂತಹ ಮಾತ್ರೆ ಅಥವಾ ಇನ್ಸುಲಿನ್ ಪೂರ್ತಿ ಉಳಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬೆವರು, ನಡುಕ, ತೊದಲು ಮಾತು, ಗೊಂದಲ ಕಂಡರೆ ತಕ್ಷಣ ಸಕ್ಕರೆ ನೋಡಿ. ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಸಿಹಿ ನೀರು ಕೊಡಿ. ಬಿಪಿಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತ ಒಂದು ಮತ್ತು ಮೂರು ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಬರೆದುಕೊಂಡು ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಹುಬ್ಬಳ್ಳಿಯ ಸದಸ್ಯರು:
ಅಮೆರಿಕದಲ್ಲಿರುವ ನಮ್ಮ ಅಣ್ಣ ಶಸ್ತ್ರಚಿಕಿತ್ಸೆಯ ನಂತರ ಅಲ್ಲಿನ ನರ್ಸಿಂಗ್ ಕೇಂದ್ರದಲ್ಲಿದ್ದರು, ಖರ್ಚನ್ನು ಸರ್ಕಾರಿ ವಿಮೆ ನೋಡಿಕೊಂಡಿತು. ಇಲ್ಲಿ ಹಾಗಿದೆಯೇ?

ಉತ್ತರ:
ಅದು ಅಲ್ಲಿನ ಮೆಡಿಕೇರ್. ಸಾಮಾನ್ಯವಾಗಿ ಮೂರು ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದವರಿಗೆ ಗರಿಷ್ಠ 100 ದಿನ ಕೊಡುತ್ತದೆ. ಮೊದಲ 20 ದಿನ ಪೂರ್ತಿ, ನಂತರ ರೋಗಿಯೂ ಪಾಲು ಕಟ್ಟಬೇಕು. ನಮ್ಮಲ್ಲಿ ಆ ಹೊಣೆ ಬಹುತೇಕ ಮನೆಯವರ ಮೇಲೆ, ಅದರಲ್ಲೂ ಹೆಚ್ಚಾಗಿ ಸೊಸೆ ಮಗಳಂದಿರ ಮೇಲೆ ಬೀಳುತ್ತದೆ. ಆದ್ದರಿಂದ ಕೇಂದ್ರದಿಂದ ಕರೆತರುವ ಮುನ್ನವೇ ವ್ಯಾಯಾಮದ ಪಟ್ಟಿ ಬರೆಸಿಕೊಳ್ಳಿ, ಎಬ್ಬಿಸುವ ರೀತಿಯನ್ನು ನಿಮ್ಮ ಕೈಯಿಂದಲೇ ಮಾಡಿಸಿ ತೋರಿಸಲು ಹೇಳಿ. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು.

ರಾಣೆಬೆನ್ನೂರಿನ ಸದಸ್ಯೆ:
ಸುಧಾರಿಸುತ್ತಿದ್ದಾರೆಂದು ಮನೆಯಲ್ಲೇ ತಿಳಿಯುವುದು ಹೇಗೆ? ಕಾಲಿಗೆ ದಿನವೂ ಎಣ್ಣೆ ತಿಕ್ಕುತ್ತಿದ್ದೇವೆ, ಅದರಿಂದ ಬಲ ಬರುತ್ತದೆಯೇ?

ಉತ್ತರ:
ವಾರಕ್ಕೊಮ್ಮೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹಿಡಿಯುವ ಸಮಯ ಬರೆದಿಡಿ. ಏಷ್ಯಾದ ತಜ್ಞರ 2019ರ ಮಾನದಂಡದಂತೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ದೈಹಿಕ ಸಾಮರ್ಥ್ಯ ಕಡಿಮೆ ಎಂದರ್ಥ. ಆದರೆ ಈಗ 30 ಸೆಕೆಂಡು ಹಿಡಿಯುವವರು 22ಕ್ಕೆ ಬಂದರೆ ಅದೇ ದೊಡ್ಡ ಸುದ್ದಿ. ತೂಕವನ್ನೂ ಬರೆದಿಡಿ.

ಎಣ್ಣೆ ಹಚ್ಚಿದರೆ ಹಿತವಾಗುತ್ತದೆ, ಸ್ನಾಯು ಬೆಳೆಯುವುದಿಲ್ಲ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಮಾತ್ರ ಕೈ ಹಚ್ಚಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರು ಕಟ್ಟಿದಂತಾದರೆ ಅಥವಾ ಎದೆ ನೋವು ಬಂದರೆ ಕಾಯದೆ 108ಕ್ಕೆ ಕರೆ ಮಾಡಿ.