ಮ್ಯಾನೇಜ್ಡ್ ಸ್ವಿಚ್‌ಗೆ ಕನ್ನಡದಲ್ಲಿ ಏನಂತೀರಿ? ಬೋರ್ಡ್ ನಾಳೆ ಪ್ರಿಂಟಿಗೆ ಹೋಗಬೇಕು

ಕಲಬುರಗಿಯಿಂದ:

ನಮಸ್ಕಾರ. ಇಲ್ಲಿ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರದ ಒಂದು ಕಚೇರಿಗೆ ಹೊಸ ನೆಟ್‌ವರ್ಕ್ ಹಾಕಿದ್ದೇವೆ. ಇಷ್ಟು ದಿನ ಮನೆಗೆ ತರುವಂಥ ಒಂದೇ ವೈಫೈ ರೂಟರ್ ಇತ್ತು. ಬಿಲ್ಲಿಂಗ್ ಕಂಪ್ಯೂಟರು, ಕ್ಯಾಮೆರಾ, ಹಮಾಲರ ಮೊಬೈಲು, ರೇಟು ಕೇಳಲು ಬಂದ ರೈತರ ಮೊಬೈಲು, ಎಲ್ಲದರ ಭಾರವೂ ಅದರ ಮೇಲೇ. ಹೊಸ ತೊಗರಿ ಬರುವ ಹೊತ್ತಿಗೆ ಮೇಲಿಂದ ಮೇಲೆ ನಿಂತುಹೋಗುತ್ತಿತ್ತು. ಈಗ ರೂಟರ್ ಬೇರೆ, ಕೇಬಲ್ಲುಗಳನ್ನೆಲ್ಲ ಜೋಡಿಸುವ ಸ್ವಿಚ್ ಪೆಟ್ಟಿಗೆ ಬೇರೆ, ಛಾವಣಿಗೆ ವೈಫೈ ಹರಡುವ ಆಕ್ಸೆಸ್ ಪಾಯಿಂಟುಗಳು ಬೇರೆ. ಬಿಲ್ಲಿಂಗಿಗೆ ಒಂದು ವಿಲ್ಯಾನ್ (ಒಂದೇ ನೆಟ್‌ವರ್ಕಿನಲ್ಲಿ ಬೇರ್ಪಡಿಸಿದ ಭಾಗ), ಕ್ಯಾಮೆರಾಕ್ಕೆ ಒಂದು, ಬಂದು ಹೋಗುವವರಿಗೆ ಇನ್ನೊಂದು.

ರ‍್ಯಾಕಿನ ಬಾಗಿಲಿಗೆ ಒಂದು ಬೋರ್ಡ್, ಕೆಲಸದವರಿಗೆ ಒಂದು ಪುಟದ ಸೂಚನೆ, ಎರಡೂ ಕನ್ನಡದಲ್ಲೇ ಇರಲಿ ಅಂತಾರೆ ಮಾಲೀಕರು. ನನಗೂ ಅದೇ ಆಸೆ. ಆದರೆ 'ಸ್ವಿಚ್ ಬಂದ್ ಮಾಡಬೇಡಿ' ಅಂತ ಬರೆದರೆ ಎಲ್ಲರ ಕಣ್ಣೂ ಗೋಡೆಯ ಮೇಲಿನ ಲೈಟಿನ ಗುಂಡಿಗೆ ಹೋಗುತ್ತದೆ. ಈ ಪೆಟ್ಟಿಗೆಗೆ ಗುಂಡಿಯೇ ಇಲ್ಲ. ಮ್ಯಾನೇಜ್ಡ್ ಸ್ವಿಚ್‌ಗೆ 'ನಿರ್ವಹಿತ ಸ್ವಿಚ್', ಪ್ರೊಫೆಷನಲ್ ಉಪಕರಣಕ್ಕೆ 'ವೃತ್ತಿಪರ ಉಪಕರಣ' ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಓದಿದರೆ ಸರಿ ಅನ್ನಿಸುತ್ತಿಲ್ಲ. ಇವತ್ತು ಸಂಜೆಯೊಳಗೆ ಹೇಳಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ:

'ನಿರ್ವಹಿತ ಸ್ವಿಚ್' ಬೇಡವೇ ಬೇಡ. ಅರ್ಧ ಸಂಸ್ಕೃತ, ಅರ್ಧ ಇಂಗ್ಲಿಷ್. ಕನ್ನಡ ಎಲ್ಲಿದೆ ಅದರಲ್ಲಿ? 'ಕವಲುಪೆಟ್ಟಿಗೆ' ಅನ್ನಿ. ಒಂದು ತಂತಿ ಒಳಗೆ ಬಂದು ಹಲವಾಗಿ ಕವಲೊಡೆಯುತ್ತದೆ, ಅಷ್ಟೇ ತಾನೇ ಅದರ ಕೆಲಸ? ಕವಲು ನಮ್ಮದೇ ಪದ. ತಮಿಳಿನ 'ಕವರ್', 'ಕವೈ' ಅದರ ಒಡಹುಟ್ಟುಗಳು. ಮ್ಯಾನೇಜ್ಡ್ ಬೇಕಿದ್ದರೆ 'ಅಂಕೆಯ ಕವಲುಪೆಟ್ಟಿಗೆ'. ಹಾಗೇ ನೆಟ್‌ವರ್ಕಿಗೆ 'ಜಾಲ' ಅನ್ನುವುದು ಬಿಡಿ, 'ಬಲೆ' ಬಳಸಿ.

ಬೀದರಿನಿಂದ:

ಕವಲುಪೆಟ್ಟಿಗೆ ಚೆಂದದ ಪದ. ಆದರೆ ಈ ಪೆಟ್ಟಿಗೆಗೆ ಹೊಂದುವುದಿಲ್ಲ. ಬಂದದ್ದನ್ನೆಲ್ಲ ಎಲ್ಲ ಕಡೆಗೂ ಹರಿಬಿಡುತ್ತಿದ್ದುದು ಹಳೆಯ ಹಬ್. ಸ್ವಿಚ್ ಹಾಗೆ ಮಾಡುವುದಿಲ್ಲ. ಯಾವ ಪೋರ್ಟಿನ (ಕೇಬಲ್ ಸಿಕ್ಕಿಸುವ ಕಿಂಡಿಯ) ಹಿಂದೆ ಯಾವ ಮ್ಯಾಕ್ ವಿಳಾಸ (ಯಂತ್ರದ ಗುರುತಿನ ಸಂಖ್ಯೆ) ಇದೆ ಅಂತ ಕಲಿತುಕೊಂಡು, ಬೇಕಾದ ಕಡೆಗಷ್ಟೇ ಕಳಿಸುತ್ತದೆ. ಮ್ಯಾನೇಜ್ಡ್ ಆದರೆ 5ನೇ ಪೋರ್ಟು ಬಿಲ್ಲಿಂಗಿಗೆ, 6ನೇದು ಕ್ಯಾಮೆರಾಕ್ಕೆ ಅಂತ ನಾವೇ ಹೊಂದಿಸಬಹುದು. 'ನಿರ್ವಹಿತ' ಅಂದರೆ ಯಾರೋ ಆಗಲೇ ನಿರ್ವಹಿಸಿ ಮುಗಿಸಿದ ಹಾಗೆ ಕೇಳುತ್ತದೆ. 'ಹೊಂದಿಸುವ ಸ್ವಿಚ್' ಅಂದರೆ ಸಾಕು.

'ವೃತ್ತಿಪರ' ಮನುಷ್ಯರಿಗೆ ಹೇಳುವ ಮಾತು. ವೃತ್ತಿಪರ ಛಾಯಾಗ್ರಾಹಕ ಸರಿ, ವೃತ್ತಿಪರ ಪೆಟ್ಟಿಗೆ ಹೇಗಾದೀತು? ಗ್ಯಾಸ್ ಸಿಲಿಂಡರಿಗೆ ಮನೆ ಬಳಕೆ, ವಾಣಿಜ್ಯ ಬಳಕೆ ಅನ್ನುತ್ತೇವೆ ಅಲ್ವಾ? ಅದೇ ದಾರಿಯಲ್ಲಿ 'ಮನೆ ಬಳಕೆಯ ರೂಟರ್', 'ಕಚೇರಿ ಬಳಕೆಯ ರೂಟರ್' ಅನ್ನಿ. ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಇನ್ನು 'ಬಲೆ'. ಮೋಸದ ವಾಸನೆ ಬರುತ್ತದೆ. ಬೇಡ.

ಮೊದಲು ಉತ್ತರಿಸಿದವರು ಮತ್ತೆ:

'ವಂಚಕರ ಜಾಲ ಪತ್ತೆ' ಅಂತ ಪತ್ರಿಕೆಯಲ್ಲಿ ದಿನಾ ಓದುತ್ತೇವೆ. ಜಾಲಕ್ಕೆ ಆ ವಾಸನೆ ಇಲ್ಲವೇ? ಇದು ವಾದವೇ ಅಲ್ಲ. ಮಳಖೇಡ ನಿಮ್ಮ ಬೀದರಿನ ಪಕ್ಕದ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲೇ ಇದೆ. ಅಲ್ಲಿಂದ ಆಳಿದ ರಾಷ್ಟ್ರಕೂಟರ ಕಾಲದ ಕವಿರಾಜಮಾರ್ಗ ಕಂಡಕಂಡಂತೆ ಬೆರೆಸುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕುವುದಕ್ಕೆ ಹೋಲಿಸಿದೆ. ಅಷ್ಟು ಹಿಂದೆಯೇ ತಿಳಿದಿದ್ದ ಮಾತು ನಮಗೆ ಇವತ್ತು ಬೇಡವಾಯಿತೇ?

ಬೀದರಿನಿಂದ:

ಅಲ್ಲಿ ಹೇಳಿರುವುದು ಸಂಸ್ಕೃತ ಮತ್ತು ಕನ್ನಡ ಪದ ಸೇರಿಸಿ ಸಮಾಸ ಮಾಡುವ ವಿಷಯ. ಹೊರಗಿನ ಪದವೇ ಬೇಡ ಅಂತ ಎಲ್ಲೂ ಹೇಳಿಲ್ಲ. ಕವಿ, ರಾಜ, ಮಾರ್ಗ, ಮೂರೂ ಸಂಸ್ಕೃತವೇ.

ಪ್ರಶ್ನೆ ಕೇಳಿದವರ ಪತ್ರವನ್ನೇ ಇನ್ನೊಮ್ಮೆ ಓದಿ. ಗಂಜ್ ಪಾರ್ಸಿ, ಬಂದ್ ಪಾರ್ಸಿ, ಹಮಾಲ ಅರಬ್ಬಿ, ಮಾಲೀಕ ಅರಬ್ಬಿ. ಯಾವುದಾದರೂ ಅರ್ಥವಾಗದೆ ಉಳಿಯಿತೇ? 1948ರವರೆಗೆ ನಿಜಾಮರ ಆಡಳಿತ ಇದ್ದ ನಾಡು ಇದು. ಉರ್ದು, ಮರಾಠಿ, ತೆಲುಗು ಎಲ್ಲವೂ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ನಮ್ಮ ನೌಬಾದಿನಲ್ಲಿ ಬಹಮನಿ ಕಾಲದ ಕಾರೇಜ್ ಇದೆ, ನೆಲದೊಳಗೆ ನೀರು ಹರಿಸುವ ದಾರಿ. ಹೆಸರು ಪಾರ್ಸಿ. ಜನ ಅದನ್ನು 'ಸುರಂಗ ಬಾವಿ' ಅಂತಲೂ ಕರೆಯುತ್ತಾರೆ. ಆ 'ಸುರಂಗ' ಸಂಸ್ಕೃತದಿಂದ ಬಂತು, ಸಂಸ್ಕೃತಕ್ಕೆ ಗ್ರೀಕಿನ 'ಸಿರಿಂಕ್ಸ್'ನಿಂದ ಬಂತು ಎನ್ನುವುದು ಬಹಳ ವಿದ್ವಾಂಸರ ಮತ. ಈಗ ಅದನ್ನು ಗ್ರೀಸಿಗೆ ವಾಪಸ್ ಕಳಿಸೋಣವೇ? ಪದ ಎಲ್ಲಿಂದ ಬಂತು ಎನ್ನುವುದಕ್ಕಿಂತ ರ‍್ಯಾಕಿನ ಮುಂದೆ ನಿಂತವನಿಗೆ ಏನು ತಿಳಿಯುತ್ತದೆ ಎನ್ನುವುದೇ ಈಗ ಮುಖ್ಯ.

ಒಂದು ಕೆಲಸದ ಮಾತು. ನಿಮ್ಮ ಕ್ಯಾಮೆರಾ, ಆಕ್ಸೆಸ್ ಪಾಯಿಂಟುಗಳಿಗೆ ಕರೆಂಟ್ ಹೋಗುವುದು ನೆಟ್‌ವರ್ಕ್ ಕೇಬಲ್ಲಿನಲ್ಲೇ ಆದರೆ, ಸ್ವಿಚ್‌ನ ಪ್ಲಗ್ ಕಿತ್ತ ಕೂಡಲೇ ಅವೂ ಆರಿಹೋಗುತ್ತವೆ. ಬೋರ್ಡಿನಲ್ಲಿ ಇದು ಇರಲೇಬೇಕು.

ಕಲಬುರಗಿಯಿಂದ:

ಹೌದು, ಕರೆಂಟ್ ಕೇಬಲ್ಲಿನಲ್ಲೇ ಹೋಗುತ್ತದೆ. ಬೋರ್ಡ್ ಕಳಿಸಿದೆ. 'ನೆಟ್‌ವರ್ಕ್ ಪೆಟ್ಟಿಗೆ. ಪ್ಲಗ್ ಕೀಳಬೇಡಿ, ವೈರ್ ಎಳೆಯಬೇಡಿ. ಕಿತ್ತರೆ ಬಿಲ್ಲಿಂಗ್, ಕ್ಯಾಮೆರಾ, ವೈಫೈ ಮೂರೂ ನಿಲ್ಲುತ್ತವೆ.' ಬಾಗಿಲ ಮೇಲೆ ಸ್ವಿಚ್ ಅನ್ನೋ ಪದವೇ ಇಲ್ಲ. ಒಳಗಿನ ಸೂಚನೆಯಲ್ಲಿ 'ಹೊಂದಿಸುವ ಸ್ವಿಚ್' ಹಾಕಿದ್ದೇನೆ. ಗೆಸ್ಟ್ ನೆಟ್‌ವರ್ಕ್‌ಗೆ 'ಬಂದವರ ವೈಫೈ'.

ವಿಲ್ಯಾನ್‌ಗೆ ಮಾತ್ರ 'ಕವಲು' ತೆಗೆದುಕೊಂಡೆ. ಬಿಲ್ಲಿಂಗ್ ಕವಲು, ಕ್ಯಾಮೆರಾ ಕವಲು, ಬಂದವರ ಕವಲು. ಒಂದೇ ಕೇಬಲ್ಲಿನಲ್ಲಿ ಬಂದರೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಲೆಕ್ಕ ಬರೆಯುವ ಹುಡುಗನಿಗೆ ಓದಿ ಹೇಳಿದೆ, ಮರುಪ್ರಶ್ನೆ ಕೇಳಲಿಲ್ಲ.

ಮೊದಲು ಉತ್ತರಿಸಿದವರು:

ಪದ ಉಳಿಯಿತು, ಸಂತೋಷ. ಪೆಟ್ಟಿಗೆಯ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ.