ಸ್ಪಿಟ್‌ಫೈರ್ ಕಾರಿನ ಗೇರ್ ಲಿಂಕೇಜಿಗೆ ಕವರ್, ಬೂಟ್ ಇಲ್ಲೇ ಮಾಡಿಸ್ಕೋಬಹುದಾ?

ಆಲ್ದೂರು_ತೋಟ:
ಎಲ್ರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ 1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಹನ್ನೆರಡು ವರ್ಷ ಕಾಫಿ ಗೋಡೌನಲ್ಲಿ ನಿಂತಿತ್ತು, ಹೋದ ದೀಪಾವಳಿಗೆ ಸ್ಟಾರ್ಟ್ ಮಾಡಿದ್ವಿ. 1296 ಸಿಸಿ ಎಂಜಿನ್ ಏನೂ ತಕರಾರಿಲ್ಲ, ತೊಂದ್ರೆ ಎಲ್ಲಾ ಗೇರ್ ಲಿವರಲ್ಲೇ. ಗೇರಿಗೆ ಬಿದ್ದ ಮೇಲೂ ಗಂಟೆ ನಾಲಿಗೆ ಥರ ಆಕಡೆ ಈಕಡೆ ಅಲ್ಲಾಡುತ್ತೆ. ಮೊನ್ನೆ ಸೀಟು ತೆಗೆದು ಮಧ್ಯದ ಟನಲ್ ಕವರ್ (ಗೇರ್‌ಬಾಕ್ಸ್ ಮೇಲೆ ಮುಚ್ಚೋದು) ಬಿಚ್ಚೋಣ ಅಂತ ಕೈ ಹಾಕಿದ್ರೆ ಅದು ರಟ್ಟಿನದು, ಕಂಪನಿಯಿಂದ್ಲೇ ಹಾಗೆ ಬಂದಿರೋದಂತೆ, ನೆನೆದ ಹಪ್ಪಳದ ಹಾಗೆ ಕೈಯಲ್ಲೇ ಮುರ್ಕೊಂಡು ಬಂತು. ಲಿವರ್ ಸುತ್ತ ಇರೋ ರಬ್ಬರ್ ಬೂಟ್ ಮೂರು ಕಡೆ ಸೀಳಿದೆ. ಬುಡದಲ್ಲಿ ಹಳೇ ಗ್ರೀಸು ನಮ್ಮ ಕೆಂಪು ಮಣ್ಣು ಎರಡೂ ಕಲ್ತು, ಬೆರಳಲ್ಲಿ ಉಜ್ಜಿದ್ರೆ ಮರಳು ಕಾಗದ ಮುಟ್ಟಿದ ಹಾಗೆ ಚುರುಚುರು ಅನ್ಸುತ್ತೆ. ಇಂಗ್ಲೆಂಡಿಂದ ತರಿಸಿದ್ರೆ ಸಾಗಾಣಿಕೆ, ಕಸ್ಟಮ್ಸ್ ಸೇರಿ ತುಂಬಾ ಆಗುತ್ತೆ. ಕವರು ಬೂಟು ಎರಡನ್ನೂ ಚಿಕ್ಕಮಗಳೂರು, ಹಾಸನದ ಕಡೆ ಮಾಡಿಸ್ಬಹುದಾ? ತಗಡಲ್ಲಿ ಮಾಡಿಸ್ಲಾ ಫೈಬರಲ್ಲಾ? ದೊಡ್ಡಪ್ಪನಿಗೆ ಈಗ ಎಂಬತ್ತೊಂದು, ಮುಂದಿನ ಮಳೆಗಾಲದೊಳಗೆ ಅವರನ್ನ ಕೂರಿಸ್ಕೊಂಡು ಒಂದ್ಸಲ ಬೇಲೂರು ತನಕ ಹೋಗಿ ಬರ್ಬೇಕು ಅಂತ ಆಸೆ.

ಹಾಸನ_ಲೇತ್:
ಕವರಿಗಿಂತ ಮೊದ್ಲು ಬುಶ್ ನೋಡಿ, ಅಂದ್ರೆ ಲಿವರಿನ ಪಿನ್ ಸುತ್ತ ಕೂರೋ ಬಳೆ ಥರದ ಭಾಗ. ಆ ಕೆಂಪು ಮಣ್ಣಿನ ಗ್ರೀಸ್ ಇದ್ಯಲ್ಲ, ಅದೇ ಇಷ್ಟು ವರ್ಷ ಲಿವರ್ ಬುಡದ ನೈಲಾನ್ ಬುಶ್‌ನ ಸಾಣೆ ಹಿಡಿದಿರೋದು, ಅದರ ಮೇಲೆ ಎಷ್ಟು ಚಂದದ ಕವರ್ ಹಾಕಿದ್ರೂ ಲಿವರ್ ಅಲ್ಲಾಡೋದು ನಿಲ್ಲಲ್ಲ. ಎಲ್ಲಾ ಸೀಮೆಎಣ್ಣೇಲಿ ತೊಳೆದು ಪಿನ್‌ಗಳನ್ನ ವರ್ನಿಯರಲ್ಲಿ ಸುತ್ತ ನಾಲ್ಕೈದು ಕಡೆ ಅಳತೆ ತಗೊಳ್ಳಿ, ಅಳತೆ ಬೇರೆ ಬೇರೆ ಬಂದ್ರೆ ಪಿನ್ನೂ ಸವೆದಿದೆ ಅಂತ ಅರ್ಥ. ಸವೆದ ಪಿನ್ನಿಗೆ ಹೊಸ ಬುಶ್ ಹಾಕಿಸಿದ್ರೆ ದುಡ್ಡು ದಂಡ. ನಾನು ಒಂದು ಹೆರಾಲ್ಡ್ ಕಾರಿಗೆ ಹಾಗೇ ಮಾಡಿ ಎರಡು ತಿಂಗಳಿಗೆ ವಾಪಸ್ ಬಿಚ್ಚಿದೀನಿ.

ಬುಶ್ ಇಲ್ಲೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಯಾವ ಲೇತಲ್ಲಾದ್ರೂ ತಿರುಗಿಸ್ಕೊಡ್ತಾರೆ, ಆದ್ರೆ ನೈಲಾನ್ ರಾಡ್ ಬೇಡ, ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕೇ ಕೇಳಿ, ಕೆಲವ್ರು ಅಸಿಟಾಲ್ ಅಂತಾರೆ, ಎರಡೂ ಒಂದೇ ಜಾತಿ. ನೈಲಾನ್ ಗಾಳಿಯಲ್ಲಿರೋ ತೇವ ಕುಡಿದು ಉಬ್ಬುತ್ತೆ, ಫೆಬ್ರವರಿಯಲ್ಲಿ ಸಲೀಸಾಗಿ ಆಡೋ ಲಿವರ್ ನಿಮ್ಮ ಆಲ್ದೂರು ಮಳೇಲಿ ಜುಲೈಗೆ ಬಿಗಿ ಆಗುತ್ತೆ. ಡೆಲ್ರಿನ್ನಲ್ಲಿ ಆ ಕಾಟ ಬಹಳ ಕಮ್ಮಿ. ಗನ್‌ಮೆಟಲ್ (ಒಂಥರ ಕಂಚು) ಹಾಕ್ತೀನಿ ಅಂದ್ರೆ ಒಪ್ಕೋಬೇಡಿ, ಬಾಳಿಕೆ ಬರುತ್ತೆ ನಿಜ, ಆದ್ರೆ ಗೇರ್‌ಬಾಕ್ಸಿನ ಗುಂಯ್ ಅನ್ನೋದೆಲ್ಲ ಅಂಗೈಗೆ ಬರುತ್ತೆ.

ಇನ್ನೊಂದು, ಮದ್ರಾಸಲ್ಲಿ ತಯಾರಾಗ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡೂ ನಿಮ್ಮ ಸ್ಪಿಟ್‌ಫೈರೂ ಗೇರ್‌ಬಾಕ್ಸ್ ವಿಷಯದಲ್ಲಿ ಒಂದೇ ಮನೆತನ. ಬಿಡಿಭಾಗದ ಅಂಗಡಿಗಳಿರೋ ಬೆಂಗಳೂರು ಜೆಸಿ ರೋಡಿಗೆ ಹೋದಾಗ ಹಳೇ ಬುಶ್, ಸ್ಪ್ರಿಂಗ್ ಜೇಬಲ್ಲಿಟ್ಕೊಂಡು ಹೋಗಿ, ಪಕ್ಕದಲ್ಲಿಟ್ಟು ನೋಡಿ ಸರಿ ಹೋದ್ರೆ ಮಾತ್ರ ತಗೊಳ್ಳಿ.

ಸಕಲೇಶಪುರ_ಫೈಬರ್:
ಕವರ್ ಬಗ್ಗೆ ನಾನು ಹೇಳ್ತೀನಿ, ಮಲ್ಪೇಲಿ ಬೋಟ್ ಕೆಲಸ ಆರು ವರ್ಷ ಮಾಡಿದೀನಿ. ತಗಡು ಬೇಡ, ಸದ್ದು ಮಾಡುತ್ತೆ ತುಕ್ಕೂ ಹಿಡಿಯುತ್ತೆ, ಫೈಬರೇ ಸರಿ. ಹಳೇ ರಟ್ಟಿನ ತುಂಡು ಒಂದೂ ಬಿಸಾಕ್ಬೇಡಿ, ಎಲ್ಲಾ ಒಣಗಿಸಿ ಮಾಸ್ಕಿಂಗ್ ಟೇಪಲ್ಲಿ ಜೋಡಿಸಿ ಕಾರಿನ ಮೇಲೇ ಕೂರಿಸಿ, ಎಲ್ಲಿ ಚೂರು ಕಾಣೆಯಾಗಿದೆ ಅಲ್ಲಿ ಹೊಸ ರಟ್ಟು ಕತ್ತರಿಸಿ ಹಾಕಿ, ಆಕಾರ ಸರಿ ಬಂತು ಅಂದ್ಮೇಲೆ ಹೊರಗೆ ತೆಗೆದು ಮೇಲೆಲ್ಲ ಕಂದು ಪ್ಯಾಕಿಂಗ್ ಟೇಪ್ ಸುಕ್ಕಿಲ್ಲದ ಹಾಗೆ ಅಂಟಿಸಿ ವ್ಯಾಕ್ಸ್ ಪಾಲಿಶ್ ತಿಕ್ಕಿ. ಫೈಬರಿಗೆ ಹಾಕೋ ಅಂಟು ದ್ರವ, ಪಾಲಿಯೆಸ್ಟರ್ ರೆಸಿನ್, ಆ ಟೇಪಿಗೆ ಹಿಡ್ಕೊಳ್ಳಲ್ಲ. ಚದರ ಮೀಟರಿಗೆ 450 ಗ್ರಾಂ ತೂಗೋ ಗಾಜಿನ ನಾರಿನ ಮ್ಯಾಟ್ ಮೂರು ಪದರ ಹಾಕಿದ್ರೆ ಹತ್ತತ್ರ 3 ಮಿಮೀ ದಪ್ಪ ಬರುತ್ತೆ, ಅಷ್ಟು ಸಾಕು. ನೂರು ಗ್ರಾಂ ರೆಸಿನ್ನಿಗೆ ಅದನ್ನ ಗಟ್ಟಿ ಮಾಡೋ ಕ್ಯಾಟಲಿಸ್ಟ್ ಒಂದೂವರೆ ಗ್ರಾಂ ಆಸುಪಾಸು, ಬಿಸಿಲು ಜಾಸ್ತಿ ಇದ್ರೆ ಇನ್ನೂ ಕಮ್ಮಿ. ಬ್ರಶ್ಶಲ್ಲಿ ಬಳಿಯಬೇಡಿ, ಕುಟ್ಟಿ ಕುಟ್ಟಿ ಗಾಳಿ ಹೊರಗೆ ತೆಗೀಬೇಕು, ಬಿಳಿ ಮ್ಯಾಟ್ ಗಾಜಿನ ಹಾಗೆ ಪಾರದರ್ಶಕ ಆಯ್ತು ಅಂದ್ರೆ ರೆಸಿನ್ ಕುಡಿದಿದೆ ಅಂತ.

ದಯವಿಟ್ಟು ಇದೊಂದು ಮರೀಬೇಡಿ: ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಿಸೋ ದ್ರವ) ಬೇರೆ ಬಾಟಲಲ್ಲಿ ಕೊಟ್ರೆ ಅದನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಯಾವತ್ತೂ ಸೇರಿಸ್ಬಾರ್ದು, ಸಿಡಿದು ಬೆಂಕಿ ಹತ್ಕೊಳ್ಳುತ್ತೆ. ಮೊದ್ಲು ಕೋಬಾಲ್ಟ್ ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಕ್ಯಾಟಲಿಸ್ಟ್ ಕಣ್ಣಿಗೆ ಒಂದು ಹನಿ ಸಿಡಿದ್ರೂ ದೃಷ್ಟಿಗೇ ಅಪಾಯ, ಸೇಫ್ಟಿ ಕನ್ನಡಕ ಹಾಕ್ಕೊಂಡೇ ಮಾಡಿ, ಬಾಗಿಲು ಕಿಟಕಿ ತೆಗೆದಿರ್ಲಿ.

ಮಳೆ ಶುರುವಾದ್ಮೇಲೆ ಈ ಕೆಲಸಕ್ಕೆ ಕೈ ಹಾಕ್ಬೇಡಿ, ಮ್ಯಾಟ್ ತೇವ ಎಳ್ಕೊಂಡ್ರೆ ಪದರ ಹಿಡಿಯಲ್ಲ. ಮಾರ್ಚಲ್ಲಿ ಮಾಡಿ. ಗೇರ್ ಆಯಿಲ್ ಪ್ಲಗ್ ಎದುರಿಗೆ ಒಂದು ತೂತು ಬಿಟ್ಟು ರಬ್ಬರ್ ಬಿರಡೆ ಹಾಕಿ. ಒಳಮೈಗೆ ಅಲ್ಯೂಮಿನಿಯಂ ಫಾಯಿಲ್ ಇರೋ ಇನ್ಸುಲೇಶನ್ ಅಂಟಿಸಿದ್ರೆ ಕಾಲು ಬಿಸಿ ಆಗಲ್ಲ.

ಮೂಡಿಗೆರೆ_ಜೀಪು:
ಬೂಟ್ ವಿಷಯ. ಹಳೇ ಟ್ಯೂಬ್ ಕತ್ತರಿಸಿ ಹೊಲಿಸಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಕೇಳ್ಬೇಡಿ, ಗೇರ್ ಆಯಿಲ್ ತಾಗಿದ್ರೆ ಉಬ್ಬಿ ಮೆತ್ತಗಾಗುತ್ತೆ. ಗ್ಯಾಸ್ಕೆಟ್ ಅಂಗಡೀಲಿ ನಿಯೋಪ್ರಿನ್ ಅನ್ನೋ ರಬ್ಬರ್ ಶೀಟ್ ಸಿಗುತ್ತೆ, ತೆಳ್ಳಗಿರೋದು ತಗೊಂಡು ಒಳಗಡೆ ಅದರದ್ದೊಂದು ಬೂಟ್, ಮೇಲೆ ನೋಡೋಕೆ ರೆಕ್ಸಿನ್. ಚರ್ಮ ಚಂದ ಕಾಣುತ್ತೆ ಆದ್ರೆ ನಮ್ಮ ಕಡೆ ಆಷಾಢದಲ್ಲಿ ಬೂಷ್ಟು ಹಿಡಿಯದೆ ಬಿಡಲ್ಲ. ಅಳತೆ ತೆಗೆಯೋವಾಗ ಲಿವರ್ ರಿವರ್ಸಲ್ಲಿಟ್ಟು ಒಂದ್ಸಲ, ಮೂರರಲ್ಲಿಟ್ಟು ಒಂದ್ಸಲ ತೆಗೀರಿ. ನ್ಯೂಟ್ರಲ್‌ನಲ್ಲಿ ಮಾತ್ರ ಅಳೆದು ಹೊಲಿಸಿದ ಬೂಟು ನಮ್ಮ ಜೀಪಲ್ಲಿ ಲಿವರ್‌ನ ಹಿಂದಕ್ಕೆ ಎಳೆದು ಘಾಟಿಯಲ್ಲಿ ಗೇರ್ ತಪ್ಪಿಸ್ತಿತ್ತು.

ಆಲ್ದೂರು_ತೋಟ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ತೊಳೆದು ಪಿನ್ ಅಳೆದೆ, ಒಂದು ಕಡೆಗೂ ಇನ್ನೊಂದು ಕಡೆಗೂ 0.4 ಮಿಮೀ ವ್ಯತ್ಯಾಸ, ಲೇತ್ ಅಣ್ಣ ಹೇಳಿದ್ದೇ ಸರಿ. ಸೋಮವಾರ ಪಿನ್ನು ಬುಶ್ಶು ಎರಡೂ ಹಾಸನಕ್ಕೆ ತರ್ತೀನಿ. ರಟ್ಟಿನ ತುಂಡೆಲ್ಲ ಕಾಫಿ ಕಣದಲ್ಲಿ ಒಣ ಹಾಕಿದೀನಿ, ದೊಡ್ಡಪ್ಪ ಕುರ್ಚಿ ಹಾಕ್ಕೊಂಡು ಪಕ್ಕದಲ್ಲೇ ಕೂತು ಯಾವ ತುಂಡು ಎಲ್ಲಿಗೆ ಅಂತ ಜೋಡಿಸ್ತಿದಾರೆ.